ಪುಟ್ಟಲಕ್ಷ್ಮಿಯ ವಾಕ್ಯ ಲಂಡನ್ನಿಗೆ ಹೋದದ್ದು

ಮೊದಲೇ ಹೇಳಿಬಿಡುತ್ತೇನೆ. ಲಂಡನ್ನಿನ ಗಡಿಯಾರದ ಗೋಪುರ ಎಷ್ಟು ಎತ್ತರ, ರಾಣಿಯ ಅರಮನೆಗೆ ಎಷ್ಟು ಕಿಟಕಿ ಎಂದು ತಿಳಿಯಬೇಕಾದವರು ಬೇರೆ ಯಾರಾದರೂ ಬರೆದದ್ದನ್ನು ಓದಿಕೊಳ್ಳಬೇಕು. ಗೋಪುರವನ್ನು ನಾನೂ ನೋಡಿದೆ. ಅರಮನೆಯನ್ನು ಬೇಲಿಯ ಆಚೆ ನಿಂತು ನೋಡಿ, ನಮ್ಮ ಊರಿನದರ ಮುಂದೆ ಇದೇನು ಮಹಾ ಎಂದುಕೊಂಡು ವಾಪಸು ಬಂದೆ. ನಾನು ಆ ದೇಶಕ್ಕೆ ಹೋದದ್ದು ಒಂದು ನೋಟ್‌ಬುಕ್ ಎತ್ತಿಕೊಂಡು, ಅದಕ್ಕೊಂದು ಕಾಗದ ಬರೆಸಿಕೊಂಡು ಬರಲು. ಕಾಗದ ಬರಲಿಲ್ಲ. ಏಕೆ ಬರಲಿಲ್ಲ ಎಂದು ಊರಿನಲ್ಲಿ ನಾಲ್ಕು ಜನ ನಾಲ್ಕು ರೀತಿ ಹೇಳುತ್ತಿದ್ದಾರೆ. ಐದನೆಯವಳಾಗಿ ನಾನೇ ಹೇಳುವುದು ಮೇಲು.

ಮೈಸೂರು ಸ್ಟೇಷನ್

ನಾನು ಮೈಸೂರಿನ ಒಂದು ಹೆಣ್ಣುಮಕ್ಕಳ ಮಿಡ್ಲ್ ಸ್ಕೂಲಿನಲ್ಲಿ ಇಂಗ್ಲಿಷ್ ಕಲಿಸುವವಳು. ಹೆಸರು ನಿಂಗಮ್ಮ. ಇಲವಾಲದ ರೈತರ ಮನೆಯವಳು. ಓದಲು ಮೈಸೂರಿಗೆ ಬಂದು ಇಲ್ಲೇ ಉಳಿದೆ. ನನ್ನ ಬಾಯಿ ಸ್ವಲ್ಪ ಜೋರು ಎಂದು ಸ್ಟಾಫ್ ರೂಮಿನಲ್ಲಿ ಹೇಳುತ್ತಾರೆ. ಹೇಳುವವರು ನನ್ನ ಎದುರಿಗೆ ಮಾತ್ರ ಹೇಳಿಲ್ಲ.

ಇಂಗ್ಲಿಷಿನಲ್ಲಿ ಒಂದು ವಿಚಿತ್ರವಿದೆ. ವಸ್ತುವಿಗೂ ಅದರ ಕೆಲಸಕ್ಕೂ ಎಷ್ಟೋ ಸಲ ಒಂದೇ ಪದ. ನಮ್ಮಲ್ಲಿ ಹಾಲು ಬೇರೆ, ಕರೆಯುವುದು ಬೇರೆ. ಅವರಲ್ಲಿ ಎರಡೂ ಮಿಲ್ಕೇ. ಎಣ್ಣೆಯೂ ಆಯಿಲ್, ಎಣ್ಣೆ ಹಚ್ಚುವುದೂ ಆಯಿಲ್. ಒಂದು ಪದವನ್ನು ನಾಮಪದವಾಗಿ ಒಂದು ವಾಕ್ಯದಲ್ಲಿ, ಕ್ರಿಯಾಪದವಾಗಿ ಇನ್ನೊಂದರಲ್ಲಿ ಬಳಸು ಎಂದು ಪರೀಕ್ಷೆಯಲ್ಲಿ ತಪ್ಪದೆ ಕೇಳುತ್ತಾರೆ. ಪಠ್ಯಪುಸ್ತಕದ ವಾಕ್ಯಗಳಲ್ಲಿ ಹಿಮ ಬೀಳುತ್ತಿತ್ತು, ಜಾನ್ ಎಂಬುವನು ದೋಣಿಗೆ ಹಾಯಿ ಕಟ್ಟುತ್ತಿದ್ದ. ನನ್ನ ಹುಡುಗಿಯರು ಅದನ್ನೇ ಉರು ಹೊಡೆದು ಪಾಸಾಗುತ್ತಿದ್ದರು. ಆರು ವರ್ಷ ನಾನೂ ಹಾಗೆಯೇ ಒಪ್ಪಿಸಿಕೊಂಡೆ, ತಪ್ಪು ಹೇಳಿದವರ ಅಂಗೈಗೆ ಅಡಿಕೋಲಿನಿಂದ ಹೊಡೆದೆ. ಹಿಮ ಕಾಣದ ಮಗುವನ್ನು ಹಿಮದ ವಾಕ್ಯಕ್ಕಾಗಿ ಹೊಡೆದದ್ದು ನೆನೆದರೆ ಈಗಲೂ ನಾಚಿಕೆಯಾಗುತ್ತದೆ.

ಒಂದು ದಿನ ಅಡಿಕೋಲನ್ನು ಬೀರುವಿನಲ್ಲಿಟ್ಟು ಹೊಸ ಕಟ್ಟಳೆ ಮಾಡಿದೆ. ಸೋಮವಾರ ಒಂದು ಪದ ಕೊಡುತ್ತೇನೆ. ಮನೆಗೆ ಹೋಗಿ ಆ ವಸ್ತುವನ್ನು ಹುಡುಕಬೇಕು, ಯಾರಾದರೂ ಅದರಿಂದ ಕೆಲಸ ಮಾಡುವುದನ್ನು ಕಣ್ಣಾರೆ ನೋಡಬೇಕು, ಶುಕ್ರವಾರ ಎರಡು ವಾಕ್ಯ ತರಬೇಕು. ಕಾಣದ್ದನ್ನು ಬರೆಯುವ ಹಾಗಿಲ್ಲ. ಚೆನ್ನಾಗಿರುವ ವಾಕ್ಯ ನನ್ನ ದೊಡ್ಡ ನೋಟ್‌ಬುಕ್ಕಿಗೆ ಹೋಗುತ್ತದೆ, ಅದರ ಕೆಳಗೆ ತಂದವಳ ಹೆಸರು ಬರುತ್ತದೆ. ಎರಡು ವರ್ಷದಲ್ಲಿ ನೋಟ್‌ಬುಕ್ ತುಂಬಿತು. ನಲವತ್ತೊಂದು ಹುಡುಗಿಯರ ಹೆಸರು ಅದರಲ್ಲಿದ್ದವು. ಇದನ್ನು ಅಚ್ಚು ಹಾಕಿಸಿ ಪುಸ್ತಕ ಮಾಡಬೇಕೆಂಬ ಆಸೆ ನನಗೆ ಹತ್ತಿಕೊಂಡಿತು.

ನಮ್ಮ ಇನ್ಸ್‌ಪೆಕ್ಟರ್ ಸಾಹೇಬರು ನೋಟ್‌ಬುಕ್ ತಿರುವಿ ಹಾಕಿ, ಕನ್ನಡಕ ತೆಗೆದರು.

"ಚೆನ್ನಾಗಿದೆ ಕಣಮ್ಮ. ಆದ್ರೆ ಇಂಗ್ಲಿಷ್ ಯಾರದು? ನಿಮ್ಮ ಹೆಣ್ಣುಮಕ್ಕಳದು. ಹೇಗೂ ತರಬೇತಿಗೆ ಅಂತ ಆರು ತಿಂಗಳು ಲಂಡನ್ನಿಗೆ ಹೋಗ್ತಿದ್ದೀರಿ. ಅಲ್ಲಿ ಒಬ್ಬ ಇಂಗ್ಲಿಷಿನವರ ಹತ್ತಿರ ಸರಿಯಾಗಿದೆ ಅಂತ ಒಂದು ಕಾಗದ ಬರೆಸಿಕೊಂಡು ಬನ್ನಿ. ಮಾರನೇ ದಿನವೇ ಜಿಲ್ಲೆಯ ಎಲ್ಲಾ ಸ್ಕೂಲಿಗೂ ಹಾಕಿಸ್ತೀನಿ."

ಸ್ವಾತಂತ್ರ್ಯ ಬಂದು ಹತ್ತು ವರ್ಷ ದಾಟಿತ್ತು. ಬಾಯಿಗೆ ಬಂದದ್ದನ್ನು ನುಂಗಿಕೊಂಡೆ, ಪುಸ್ತಕದ ಆಸೆಗೆ.

ಸ್ಟೇಷನ್ನಿಗೆ ಕ್ಲಾಸಿಗೆ ಕ್ಲಾಸೇ ಬಂದಿತ್ತು. ನಜರ್‌ಬಾದಿನ ಜಟಕಾ ಹೊಡೆಯುವವರ ಮಗಳು ಪುಟ್ಟಲಕ್ಷ್ಮಿ ಎಲ್ಲರನ್ನೂ ತಳ್ಳಿಕೊಂಡು ಕಿಟಕಿಯ ಹತ್ತಿರ ಬಂದಳು.

"ಮಿಸ್, ನಮ್ಮೆಸ್ರನ್ನ ಅಲ್ಲಿ ಇಂಗ್ಲಿಷ್ನೋರು ಓದ್ತಾರಾ?"

"ಓದ್ತಾರೆ ಕಣೇ."

"ಓದ್ಬುಟ್ಟು ಹೊಡೆದಾಕ್ಬುಟ್ರೆ?"

"ಒಂದು ಹೆಸರನ್ನೂ ಹೊಡೆಯೋಕೆ ಬಿಡಲ್ಲ."

ರೈಲಿನ ಕಿಟಕಿಯಿಂದ ಮಾತು ಕೊಡುವುದು ಬಹಳ ಸುಲಭ. ಇಲವಾಲದಿಂದ ಬಂದಿದ್ದ ನಮ್ಮವ್ವ ಒಂದು ಗಂಟು ರಾಗಿಹಿಟ್ಟು, ಒಂದು ಬಾಟಲಿ ಕೊಬ್ಬರಿ ಎಣ್ಣೆ ನನ್ನ ಮಡಿಲಿಗೆ ಇಟ್ಟಳು. "ತಲೆಗೆ ಎಣ್ಣೆ ಆಕ್ಕೊಳ್ದೆ ಇರ್ಬ್ಯಾಡ ಕಣವ್ವ. ಅಲ್ಲೂ ಅಸ ಕಟ್ತಾರಾ?" ಎಂದು ಕೇಳಿದಳು. ಕಟ್ಟದೆ ಏನು ಎಂದೆ. ನನಗೇನು ಗೊತ್ತಿತ್ತು.

ಹಡಗಿನಲ್ಲಿ

ಬೊಂಬಾಯಿಯಲ್ಲಿ ಕೂಲಿಯವನು ನನ್ನ ಟ್ರಂಕನ್ನು ಹಡಗಿನ ಹೊಟ್ಟೆಗೆ ಸೇರಿಸಿಬಿಟ್ಟ. ಲಂಡನ್ ಬರುವವರೆಗೆ ತೆಗೆಯುವ ಹಾಗಿಲ್ಲ ಎಂದರು. ಕೈಯಲ್ಲಿ ಉಳಿದದ್ದು ಎರಡು ಸೀರೆ, ನೋಟ್‌ಬುಕ್, ಎಣ್ಣೆ ಬಾಟಲಿ. ಒಂದನ್ನು ಉಟ್ಟು ಒಂದನ್ನು ಒಗೆದು, ಸಮುದ್ರದ ಗಾಳಿಗೆ ಒಣಗಿಸಿಕೊಂಡು ಅಷ್ಟು ದೇಶ ದಾಟಿದೆ.

ಊಟದ ಮೇಜಿನಲ್ಲಿ ನನ್ನ ಎದುರಿಗೆ ಕಾಫಿ ತೋಟದ ದೊರೆಸಾನಿಯೊಬ್ಬರು ಕೂರುತ್ತಿದ್ದರು. ಚಿಕ್ಕಮಗಳೂರಿನ ಕಡೆ ಇಪ್ಪತ್ತು ವರ್ಷ ಇದ್ದು, ತೋಟ ಮಾರಿ ಊರಿಗೆ ಹೊರಟಿದ್ದರು. ಅನ್ನವನ್ನು ಫೋರ್ಕಿನಲ್ಲಿ ಬೆನ್ನಟ್ಟಿ ಸಾಕಾಗಿ ಮೂರನೇ ದಿನ ನಾನು ಕೈಯಲ್ಲೇ ಕಲಸಿದೆ. ಅವರು ಕತ್ತನ್ನು ಕಿಟಕಿಯ ಕಡೆ ತಿರುಗಿಸಿಕೊಂಡರು. ನಾನು ನಿಧಾನವಾಗಿ, ಬೆರಳು ನೆಕ್ಕಿ ಮುಗಿಸಿದೆ. ಆಮೇಲೆ ಅವರೇ ಮಾತಿಗೆ ಬಂದರು. ನಿಮ್ಮ ಇಂಗ್ಲಿಷ್ ಆಶ್ಚರ್ಯಪಡುವಷ್ಟು ಚೆನ್ನಾಗಿದೆ ಎಂದರು. ನಿಮಗೆ ಕನ್ನಡ ಎಷ್ಟು ಬರುತ್ತದೆ ಎಂದು ಕೇಳಿದೆ. ಹೆಮ್ಮೆಯಿಂದ ಬೆರಳು ಮಡಚುತ್ತಾ ಹೇಳಿದರು: "ಬಾ. ಹೋಗು. ತಾ. ತೊಳಿ."

ಇಪ್ಪತ್ತು ವರ್ಷಕ್ಕೆ ನಾಲ್ಕು ಪದ. ನಾಲ್ಕೂ ಕ್ರಿಯಾಪದ. ಒಂದು ವಸ್ತುವಿನ ಹೆಸರಿಲ್ಲ, ಒಬ್ಬ ಮನುಷ್ಯನ ಹೆಸರಿಲ್ಲ. ಅಂದು ಮಧ್ಯಾಹ್ನ ಡೆಕ್ಕಿನಲ್ಲಿ ಕೂತು ನೋಟ್‌ಬುಕ್ಕಿನ ನಲವತ್ತೊಂದು ಹೆಸರನ್ನೂ ಒಂದು ಸಲ ಓದಿಕೊಂಡೆ. ಆ ದೊರೆಸಾನಿ ಕೆಟ್ಟವರೇನಲ್ಲ. ಇಳಿಯುವ ದಿನ ನನಗೆ ಚಳಿಯಾದೀತೆಂದು ತಮ್ಮ ಉಣ್ಣೆಯ ಕೈಗವಸು ಒಂದು ಜೊತೆ ಕೊಟ್ಟರು.

ಮಿಸೆಸ್ ಗ್ರಿಗ್ಸರ ಮನೆ

ತರಬೇತಿಯ ಕಾಲೇಜಿನವರು ನನ್ನನ್ನು ಇಳಿಸಿದ್ದು ಒಂದು ಉದ್ದ ಬೀದಿಯ ಮನೆಯಲ್ಲಿ. ಆ ಬೀದಿಯ ಮನೆಗಳೆಲ್ಲ ಒಂದೇ ಥರ. ಮೊದಲನೆಯ ವಾರ ಎರಡು ಸಲ ಬೇರೆಯವರ ಬಾಗಿಲಿಗೆ ಬೀಗದ ಕೈ ಹಾಕಿ ತಿರುಗಿಸಿದೆ. ಎರಡನೆಯ ಸಲ ಒಳಗಿನಿಂದ ಒಬ್ಬ ಮುದುಕ ಬಾಗಿಲು ತೆಗೆದು, ಬಯ್ಯದೆ, ಎರಡು ಮನೆ ಆಚೆ ಎಂದು ಬೆರಳು ತೋರಿಸಿದ. ಬೀದಿಗೆ ಹೊಸಬರು ಬಂದಾಗಲೆಲ್ಲ ಹೀಗಾಗುತ್ತದಂತೆ.

ಮನೆಯೊಡತಿ ಮಿಸೆಸ್ ಗ್ರಿಗ್ಸ್, ಅರವತ್ತು ದಾಟಿದ ವಿಧವೆ. ಸಣಕಲು ಹೆಂಗಸು, ಮುಖದಲ್ಲಿ ಸದಾ ಗಂಟು. ನಿಂಗಮ್ಮ ಎನ್ನಲು ಬಾರದೆ ನನ್ನನ್ನು ಮಿಸ್ ನಿಂಗ್ ಎಂದರು. ಮೊದಲ ಬೆಳಿಗ್ಗೆ ನಾನು ಮಹಡಿಯಿಂದ ಇಳಿದಾಗ ಅವರು ಬಾಗಿಲ ಮುಂದೆ ಮೊಣಕಾಲೂರಿ, ಮೆಟ್ಟಿಲಿಗೆ ನೀರು ಹಾಕಿ ಉಜ್ಜಿ, ಒಂದು ಬಿಳಿ ಕಲ್ಲಿನಿಂದ ಅದರ ಅಂಚಿಗೆ ಗೆರೆ ಎಳೆಯುತ್ತಿದ್ದರು.  ಅಷ್ಟು ದೂರ ಬಂದರೂ ಬೆಳಗಿನ ಬಾಗಿಲಿಗೆ ನೀರೇ, ಬಿಳಿ ಗೆರೆಯೇ. ಅವರ ಗೆರೆಯಲ್ಲಿ ಚುಕ್ಕಿಯಿಲ್ಲ, ಬಳ್ಳಿಯಿಲ್ಲ, ಅಷ್ಟೇ. ನಾನು ಪಕ್ಕದಲ್ಲಿ ಕೂತು ಕಲ್ಲು ಕೇಳಿದೆ. ಒಂದು ಸಣ್ಣ ರಂಗೋಲಿ ಬಿಟ್ಟೆ. ನೆರೆಯವರು ಏನೆಂದುಕೊಂಡಾರು ಎಂದು ಅವರು ಒದ್ದೆ ಬಟ್ಟೆಯಿಂದ ಒರೆಸಿಬಿಟ್ಟರು.

ಹಾಲು ಬಾಟಲಿಯಲ್ಲಿ ಬಂದು ಮೆಟ್ಟಿಲ ಮೇಲೆ ಕೂರುತ್ತಿತ್ತು. ಒಂದು ಪುಟ್ಟ ನೀಲಿ ಹಕ್ಕಿ ಅದರ ಮುಚ್ಚಳ ಕುಕ್ಕಿ ಕೆನೆ ತಿಂದು ಹೋಗುತ್ತಿತ್ತು. ಹಾಲಿನವನನ್ನು ಹಿಡಿದು, ನಿನಗೆ ಎಷ್ಟು ಹಸು ಎಂದು ಕೇಳಿದೆ. ಅವನು ಬಿದ್ದು ಬಿದ್ದು ನಕ್ಕ. ಹುಟ್ಟಿದಾರಭ್ಯ ಹಸುವಿನ ಮೈ ಮುಟ್ಟಿಲ್ಲವಂತೆ. ಅವ್ವನಿಗೆ ಈ ಸುದ್ದಿ ಬರೆಸಿದರೆ ನಂಬುತ್ತಾಳೆಯೇ ಎಂದು ಯೋಚನೆಯಾಯಿತು.

ನನಗೂ ಮಿಸೆಸ್ ಗ್ರಿಗ್ಸರಿಗೂ ಜಗಳ ಹತ್ತಿದ್ದು ಎಣ್ಣೆಯಿಂದ. ಲಂಡನ್ನಿನ ಚಳಿಗೆ ಕೊಬ್ಬರಿ ಎಣ್ಣೆ ಬಾಟಲಿಯಲ್ಲಿ ಕಲ್ಲಾಗಿತ್ತು. ಅಡುಗೆಮನೆಯ ಒಲೆಯ ಪಕ್ಕ ಕರಗಲು ಇಟ್ಟೆ. ಅವರು ಅದನ್ನು ಮೇಣವೆಂದು ತಿಳಿದು ಹಿತ್ತಿಲ ಕಸದ ಡಬ್ಬಿಗೆ ಹಾಕಿದರು. ನಾನು ಹೋಗಿ ಡಬ್ಬಿಯಿಂದ ಎತ್ತಿಕೊಂಡು ಬಂದೆ. ಆಮೇಲೆ ತಲೆದಿಂಬಿನ ಮೇಲೆ ಜಿಡ್ಡು ಕಂಡಿತು.

"ಮಿಸ್ ನಿಂಗ್, ನನ್ನ ಮನೆಯಲ್ಲಿ ತಲೆಗೆ ಎಣ್ಣೆ ಹಾಕುವ ಹಾಗಿಲ್ಲ."

"ಮಿಸೆಸ್ ಗ್ರಿಗ್ಸ್, ದಿಂಬಿನ ಬಟ್ಟೆಯನ್ನು ನಾನೇ ಒಗೆಯುತ್ತೇನೆ. ಎಣ್ಣೆ ಬಿಡುವುದಿಲ್ಲ."

ಎರಡು ವಾರ ನಮ್ಮಿಬ್ಬರ ನಡುವೆ ಗುಡ್ ಮಾರ್ನಿಂಗ್ ಬಿಟ್ಟು ಮಾತಿರಲಿಲ್ಲ.

ಕೆಂಪು ಪೆನ್ಸಿಲು

ಇಂಗ್ಲಿಷ್ ಕಲಿಸುವವರಿಗೆ ಇಂಗ್ಲಿಷ್ ಕಲಿಸುವ ನಮ್ಮ ತರಬೇತಿಯ ಹಿರಿಯರು ಮಿಸ್ಟರ್ ಹಾರ್ಡಿಂಗ್. ಸೌಮ್ಯ ಮನುಷ್ಯ. ನಾನು ಕೋಣೆಗೆ ಹೋದರೆ ಎದ್ದು ನಿಲ್ಲುತ್ತಿದ್ದರು. ನೋಟ್‌ಬುಕ್ ಇಸಿದುಕೊಂಡು ಒಂದು ವಾರದ ಮೇಲೆ ಕರೆಸಿದರು. ತೆರೆದು ನೋಡಿದರೆ ಪುಟಪುಟಕ್ಕೂ ಕೆಂಪು ಗೆರೆ.

ರುಕ್ಮಿಣಿಯ ವಾಕ್ಯ ಹೀಗಿತ್ತು: ಹಾಲಿನವನು ಹಸುವನ್ನು ನಮ್ಮ ಬಾಗಿಲಿಗೆ ಹೊಡೆದುಕೊಂಡು ಬಂದು ಕರೆಯುತ್ತಾನೆ, ನೀರು ಬೆರೆಸದ ಹಾಗೆ ಅಮ್ಮ ನೋಡುತ್ತಾ ನಿಲ್ಲುತ್ತಾಳೆ. ಅದರ ಪಕ್ಕದಲ್ಲಿ, ಹಾಲಿನವನು ಹಾಲು ಕರೆಯುವುದಿಲ್ಲ, ಹಂಚುತ್ತಾನೆ ಎಂದು ಬರೆದಿದ್ದರು. ವಾಟರ್ ಎಂಬ ಪದದ ಪುಟದಲ್ಲಿ ಗೌರಿಯ ಅಮ್ಮ ಬೆಳಿಗ್ಗೆ ಬಾಗಿಲ ಮುಂದಿನ ನೆಲಕ್ಕೆ ನೀರು ಹಾಕುತ್ತಿದ್ದಳು. ನೀರು ಹಾಕುವುದು ಗಿಡಕ್ಕೆ, ನೆಲಕ್ಕಲ್ಲ ಎಂದಿತ್ತು. ಸ್ಮೋಕ್ ಎಂಬ ಪುಟದಲ್ಲಿ ಜುಬೇದಾಳ ಅಕ್ಕ ಶುಕ್ರವಾರ ತಲೆಗೆ ನೀರು ಹಾಕಿಕೊಂಡು ಬಂದು ಕೂದಲಿಗೆ ಸಾಂಬ್ರಾಣಿ ಹೊಗೆ ಕೊಡುತ್ತಿದ್ದಳು. ಹೊಗೆ ಕೊಡುವುದು ಮೀನಿಗೆ, ಮಾಂಸಕ್ಕೆ ಎಂದಿತ್ತು. ಆಯಿಲ್ ಎಂಬ ಪದಕ್ಕೆ ಪುಟ್ಟಲಕ್ಷ್ಮಿ ತಂದಿದ್ದ ವಾಕ್ಯ: ಮೈ ಗ್ರ್ಯಾಂಡ್‌ಮದರ್ ಆಯಿಲ್ಸ್ ಮಿ. ಹಬ್ಬದ ದಿನ ಅಜ್ಜಿ ನನಗೆ ಎಣ್ಣೆ ಒತ್ತುತ್ತಾಳೆ. ಅದಕ್ಕೆ ಎರಡು ಗೆರೆ ಎಳೆದು, ಎಣ್ಣೆ ಹಾಕುವುದು ಬಾಗಿಲ ತಿರುಗಣಿಗೆ, ಹೊಲಿಗೆ ಯಂತ್ರಕ್ಕೆ, ಮಗುವಿಗಲ್ಲ ಎಂದು ಷರಾ ಬರೆದಿದ್ದರು.

"ವ್ಯಾಕರಣ ತಪ್ಪಾಗಿದೆಯೇ?" ಎಂದು ಕೇಳಿದೆ.

"ವ್ಯಾಕರಣ ಸರಿಯಾಗಿದೆ. ಆದರೆ ಒಬ್ಬ ಇಂಗ್ಲಿಷ್ ಮನುಷ್ಯ ಹೀಗೆ ಹೇಳುವುದಿಲ್ಲ."

"ಅವನ ಬಾಗಿಲಿಗೆ ಹಸು ಬರುವುದಿಲ್ಲ, ಹೇಳುವುದಿಲ್ಲ. ರುಕ್ಮಿಣಿಯ ಬಾಗಿಲಿಗೆ ದಿನಾ ಬರುತ್ತದಲ್ಲ?"

"ಇದು ಇಂಗ್ಲಿಷ್ ಪುಸ್ತಕ, ಮಿಸ್ ನಿಂಗಮ್ಮ," ಎಂದರು ಮೆಲ್ಲಗೆ. ಸುಮಾರು ಮೂವತ್ತು ವಾಕ್ಯಗಳಿಗೆ ಬದಲಿ ವಾಕ್ಯಗಳನ್ನು ಆಗಲೇ ತಮ್ಮ ಕೈಯಾರೆ ಬರೆದಿಟ್ಟಿದ್ದರು. ಅಷ್ಟು ಶ್ರಮಪಟ್ಟಿದ್ದರು ಪಾಪ. ಅವುಗಳಲ್ಲಿ ತೋಟದ ಗುಲಾಬಿಗೆ ನೀರು ಹಾಕುತ್ತಿದ್ದರು, ಬೈಸಿಕಲ್ಲಿಗೆ ಎಣ್ಣೆ ಬಿಡುತ್ತಿದ್ದರು. ಇವನ್ನು ಸೇರಿಸಿಕೊಂಡರೆ ಕಾಗದಕ್ಕೆ ಸಂತೋಷದಿಂದ ಸಹಿ ಹಾಕುತ್ತೇನೆ ಎಂದರು. ವಾಕ್ಯ ಬದಲಾದ ಮೇಲೆ ಅದರ ಕೆಳಗಿನ ಹುಡುಗಿಯ ಹೆಸರು ಇರುವ ಹಾಗಿಲ್ಲ ತಾನೇ ಎಂದು ಅವರೇ ಸೇರಿಸಿದರು. ಆ ಮಾತು ನ್ಯಾಯವಾಗಿಯೇ ಇತ್ತು, ಅದೇ ನನಗೆ ಹೆಚ್ಚು ಚುಚ್ಚಿದ್ದು. ಯೋಚಿಸಿ ಹೇಳುತ್ತೇನೆ ಎಂದು ಎದ್ದು ಬಂದೆ.

ಪಾರ್ಕಿನ ಬೆಂಚು

ಅಲ್ಲಿಂದ ನೇರವಾಗಿ ಒಂದು ಪಾರ್ಕಿಗೆ ಹೋಗಿ ಬೆಂಚಿನ ಮೇಲೆ ಕೂತೆ. ಪಕ್ಕದಲ್ಲಿ ಒಬ್ಬರು ಪತ್ರಿಕೆ ಓದುತ್ತಿದ್ದರು. ಮೈಸೂರಿನಲ್ಲಾದರೆ ಐದು ನಿಮಿಷದಲ್ಲಿ ಯಾವ ಊರು, ಯಾರ ಮಗಳು, ಏಕೆ ಮುಖ ಸಪ್ಪಗಿದೆ ಎಂದೆಲ್ಲ ಕೇಳಿ ಆಗಿರುತ್ತಿತ್ತು. ಆ ಮನುಷ್ಯ ಒಂದು ಗಂಟೆ ಕೂತು, ಎದ್ದು, ಟೋಪಿ ಮುಟ್ಟಿ ಹೋದ. ಅಂದು ಯಾರಾದರೂ ಕೇಳಲಿ ಎಂದು ನನಗೆ ಬಹಳ ಅನ್ನಿಸಿತ್ತು.

ಈಗ ಬರೆಯುವುದನ್ನು ಇದುವರೆಗೆ ಯಾರಿಗೂ ಹೇಳಿಲ್ಲ. ಆ ಬೆಂಚಿನಲ್ಲಿ ಕೂತು ನಾನು ಲೆಕ್ಕಾಚಾರ ಮಾಡಿದೆ. ಮೂವತ್ತು ವಾಕ್ಯ ಹೋದರೇನು, ಮಿಕ್ಕವು ಉಳಿಯುತ್ತವೆ. ಪುಸ್ತಕ ಜಿಲ್ಲೆಯ ಸ್ಕೂಲಿಗೆಲ್ಲ ಹೋಗುತ್ತದೆ. ಮೇಲೆ ನನ್ನ ಹೆಸರಿರುತ್ತದೆ. ಹುಡುಗಿಯರಿಗೆ ಏನಾದರೊಂದು ಸಮಾಧಾನ ಹೇಳಿದರಾಯಿತು. ಹೀಗೆಲ್ಲ ಅಂದುಕೊಂಡು ಪೆನ್ನು ತೆಗೆದು, ಆಯಿಲ್ ಎಂಬ ಪುಟದಲ್ಲಿ ಪುಟ್ಟಲಕ್ಷ್ಮಿಯ ಹೆಸರನ್ನು ಹೊಡೆದುಹಾಕಿದೆ.

ಮಿಸ್ಟರ್ ಹಾರ್ಡಿಂಗ್ ವಾಕ್ಯಗಳ ಮೇಲೆ ಗೆರೆ ಎಳೆದಿದ್ದರು. ಹೆಸರಿನ ಮೇಲೆ ಮೊದಲ ಗೆರೆ ಎಳೆದವಳು ನಾನು. ಹೊಡೆದಾಕ್ಬುಟ್ರೆ ಎಂದು ಕೇಳಿದ ಮಗುವಿನ ಮುಖ ಕಣ್ಣ ಮುಂದೆ ಬಂತು. ನನ್ನ ಮೇಲೆ ನನಗೇ ಅಸಹ್ಯವಾಯಿತು. ಹಾಗಂತ ಆ ಗೆರೆಯನ್ನು ತಿದ್ದಲೂ ಇಲ್ಲ. ನೋಟ್‌ಬುಕ್ ಮುಚ್ಚಿ ಮನೆಗೆ ಬಂದೆ.

ಒಂದು ಶುಕ್ರವಾರ

ಮಾರನೆಯ ದಿನ ಶುಕ್ರವಾರ, ನಮಗೆ ರಜ. ಮೊದಲ ಹಿಮ ಬಿದ್ದಿತ್ತು. ಆರು ವರ್ಷ ಮಕ್ಕಳ ಕೈಗೆ ಹೊಡೆದು ಕಲಿಸಿದ ಪದಾರ್ಥವನ್ನು ಬೊಗಸೆಯಲ್ಲಿ ಹಿಡಿದು ನೋಡಿದೆ. ಚೆನ್ನಾಗಿಯೇ ಇತ್ತು. ಅದರ ತಪ್ಪೇನೂ ಇರಲಿಲ್ಲ.

ಮಧ್ಯಾಹ್ನ ರಾಗಿಮುದ್ದೆ ಮಾಡಿಕೊಳ್ಳಲು ಅಡುಗೆಮನೆಗೆ ಇಳಿದರೆ ಮಿಸೆಸ್ ಗ್ರಿಗ್ಸ್ ಪರದೆ ಎಳೆದುಕೊಂಡು, ಎರಡು ಕೈಯಲ್ಲೂ ತಲೆ ಹಿಡಿದು ಕೂತಿದ್ದರು. ಮೂರು ದಿನದ ತಲೆನೋವು. ಮಾತ್ರೆ ನುಂಗಿದ್ದರೂ ಬಿಟ್ಟಿರಲಿಲ್ಲ. ಮಾತಾಡಬೇಡಿ ಎಂದು ಕೈಯಾಡಿಸಿದರು.  ಬಟ್ಟಲಿಗೆ ಎಣ್ಣೆ ಬಗ್ಗಿಸಿ ಬೆಚ್ಚಗೆ ಮಾಡಿದೆ, ಅವರ ಹೆಗಲಿಗೆ ಪತ್ರಿಕೆ ಹೊದಿಸಿದೆ, ನೆತ್ತಿಗೆ ಒಂದು ಬೊಗಸೆ ಎಣ್ಣೆ ಇಟ್ಟೆ. ಅವರು ಬೇಡ ಎನ್ನಲು ಬಾಯಿ ತೆರೆದವರು ಹಾಗೆಯೇ ಮುಚ್ಚಿದರು. ನಮ್ಮವ್ವ ಒತ್ತುವ ಹಾಗೆ ಒತ್ತಿದೆ. ಕಿವಿಯ ಹಿಂದೆ, ಕತ್ತಿನ ಹಿಂದೆ, ಹುಬ್ಬಿನ ತುದಿಗೆ. ನೆತ್ತಿಯನ್ನು ತಟ್ಟಿ ತಟ್ಟಿ ಎಣ್ಣೆ ಇಳಿಸಿದೆ.

ಬಹಳ ಹೊತ್ತಾದ ಮೇಲೆ ಅವರು ಕಣ್ಣು ಮುಚ್ಚಿಕೊಂಡೇ ಕೇಳಿದರು: "ನಿಮ್ಮ ದೇಶದಲ್ಲಿ ಹೀಗೆ ಯಾರಿಗೆ ಮಾಡುತ್ತಾರೆ?"

"ಎಲ್ಲರಿಗೂ. ಮದುಮಕ್ಕಳಿಗೆ, ಬಾಣಂತಿಯರಿಗೆ. ಹಬ್ಬದ ದಿನ ಮನೆಯವರಿಗೆಲ್ಲ."

"ನನ್ನ ಗಂಡ ಸತ್ತು ಹನ್ನೊಂದು ವರ್ಷವಾಯಿತು," ಎಂದರು. "ಅಲ್ಲಿಂದೀಚೆಗೆ ನನ್ನ ತಲೆಯನ್ನು ಯಾರೂ ಮುಟ್ಟಿರಲಿಲ್ಲ."

 ಬಟ್ಟಲಿನಲ್ಲಿ ಉಳಿದಿದ್ದ ಎಣ್ಣೆಯನ್ನೂ ನೆತ್ತಿಗಿಟ್ಟು ತಟ್ಟುತ್ತಾ ಹೋದೆ. ನೀರು ಕಾಯಿಸಿ ಸ್ನಾನ ಮಾಡಿಸಿ ಮಲಗಿಸಿದೆ. ಮನೆಯಲ್ಲಿ ಸಾಂಬ್ರಾಣಿ ಇರಲಿಲ್ಲ, ಇದ್ದಿದ್ದರೆ ಹೊಗೆಯನ್ನೂ ಹಾಕುತ್ತಿದ್ದೆ.

ಮರುದಿನ ಬೆಳಿಗ್ಗೆ ನಾನು ಹಜಾರದಲ್ಲಿ ಬೂಟು ಕಟ್ಟಿಕೊಳ್ಳುತ್ತಿದ್ದೆ. ಬಾಗಿಲಾಚೆ ಮಿಸೆಸ್ ಗ್ರಿಗ್ಸ್ ಹಾಲಿನವನ ಜೊತೆ ಮಾತಾಡುತ್ತಿದ್ದರು. ಇವತ್ತು ಮುಖ ಕಳೆಕಳೆಯಾಗಿದೆಯಲ್ಲ, ಏನು ಸಮಾಚಾರ ಎಂದು ಅವನು ಕೇಳಿದ. ಅದಕ್ಕೆ ಅವರು ಹೇಳಿದರು: "ಮಿಸ್ ನಿಂಗ್. ಷೀ ಆಯಿಲ್ಡ್ ಮಿ."

ಬೂಟಿನ ದಾರವನ್ನು ಅರ್ಧಕ್ಕೇ ಬಿಟ್ಟು ಎದ್ದು ನಿಂತೆ. ಅವರು ನನ್ನ ನೋಟ್‌ಬುಕ್ ಕಂಡವರಲ್ಲ. ಪುಟ್ಟಲಕ್ಷ್ಮಿಯ ಹೆಸರು ಕೇಳಿದವರಲ್ಲ. ತಮ್ಮ ಮೈಗೆ ಆದದ್ದನ್ನು ತಮ್ಮ ಭಾಷೆಯಲ್ಲಿ ಹೇಳಿದರು, ಅಷ್ಟೇ. ನಜರ್‌ಬಾದಿನ ಮಗುವೂ ಅದನ್ನೇ ಮಾಡಿತ್ತು. ಇಬ್ಬರ ಬಾಯಲ್ಲೂ ಅದೇ ವಾಕ್ಯ ಬಂತು, ಕಾಲ ಒಂದು ಬೇರೆ.

ನೋಟ್‌ಬುಕ್ ತಂದು ಅವರ ಮುಂದೆ ಬಿಚ್ಚಿದೆ. ಆ ಮಾತನ್ನು ಇಲ್ಲಿ ಬರೆದುಕೊಡಿ ಎಂದೆ. ನನ್ನ ಅಕ್ಷರ ಚೆನ್ನಾಗಿಲ್ಲ ಎಂದು ಕೊಸರಾಡಿದರು. ಆಮೇಲೆ ಕನ್ನಡಕ ಹಾಕಿಕೊಂಡು, ನಾಲಗೆಯನ್ನು ತುಟಿಗೆ ಒತ್ತಿ, ಪುಟ್ಟಲಕ್ಷ್ಮಿಯ ವಾಕ್ಯದ ಕೆಳಗೆ ತಮ್ಮ ವಾಕ್ಯ ಬರೆದು, ಹೆಸರು ಹಾಕಿ, ಲಂಡನ್ ಎಂದು ಸೇರಿಸಿದರು. ಮೇಲೆ ಹೊಡೆದುಹಾಕಿರುವ ಹೆಸರು ಯಾರದು ಎಂದು ಕೇಳಿದರು. ನಾನು ಮಾಡಿದ್ದನ್ನು ಹೇಳಿದೆ.

"ತಿದ್ದಿ ಮತ್ತೆ," ಎಂದರು ಮಿಸೆಸ್ ಗ್ರಿಗ್ಸ್. ಅವರ ಎದುರಿಗೇ ಪುಟ್ಟಲಕ್ಷ್ಮಿಯ ಹೆಸರನ್ನು ಎರಡರಷ್ಟು ದಪ್ಪ ಅಕ್ಷರದಲ್ಲಿ ಬರೆದೆ.

ಮತ್ತೆ ಅದೇ ಕೋಣೆ

ಸೋಮವಾರ ಮಿಸ್ಟರ್ ಹಾರ್ಡಿಂಗರ ಮೇಜಿನ ಮೇಲೆ ಆ ಪುಟ ಬಿಚ್ಚಿಟ್ಟೆ. ಓದಿ ನಕ್ಕರು. ನಿಮ್ಮ ಮನೆಯೊಡತಿ ತಮಾಷೆಯ ಹೆಂಗಸು ಎಂದರು.

"ಇಂಗ್ಲಿಷ್ ಮನುಷ್ಯರು ಹೀಗೆ ಹೇಳುವುದಿಲ್ಲ ಅಂದಿರಿ. ಹೇಳಿದ್ದಾರೆ. ಹಾಲಿನವನಿಗೆ ಹೇಳಿದ್ದಾರೆ. ಅವನಿಗೆ ಅರ್ಥವೂ ಆಯಿತು."

"ಅವರು ವಿದ್ಯಾವಂತರಲ್ಲವಲ್ಲ, ಮಿಸ್ ನಿಂಗಮ್ಮ. ಪುಸ್ತಕಕ್ಕೆ ಆ ಮಾತು ಆಗುವುದಿಲ್ಲ."

ಅಷ್ಟೇ ಬೇಕಾಗಿತ್ತು ನನಗೆ. ಅವರು ಕಾಯುತ್ತಿದ್ದ ಇಂಗ್ಲಿಷ್ ಮನುಷ್ಯ ಆ ಬೀದಿಯಲ್ಲೂ ಇರಲಿಲ್ಲ. ಅವನು ಪುಸ್ತಕದಲ್ಲಿ ಮಾತ್ರ ಇದ್ದ. ಅವನಿಗೆ ತಲೆನೋವು ಬರುವುದಿಲ್ಲ, ಅವನ ಹೆಂಡತಿ ಬಾಗಿಲಿಗೆ ನೀರು ಹಾಕುವುದಿಲ್ಲ. ನನ್ನ ಹುಡುಗಿಯರು ಅವನನ್ನು ಮೆಚ್ಚಿಸುವುದಕ್ಕಾಗಿ ತಮ್ಮ ಅಜ್ಜಿಯರನ್ನು ಬಿಟ್ಟುಕೊಡಬೇಕಂತೆ.

"ಸರ್, ನೀವು ಬರೆದ ಮೂವತ್ತು ವಾಕ್ಯಗಳೂ ಚೆನ್ನಾಗಿವೆ," ಎಂದೆ. "ಅವುಗಳ ಕೆಳಗೆ ನಿಮ್ಮ ಹೆಸರು ಹಾಕಿ ನೀವೇ ಒಂದು ಪುಸ್ತಕ ಮಾಡಿ. ನನ್ನ ಹುಡುಗಿಯರಿಗೆ ಅದನ್ನೂ ಓದಿಸುತ್ತೇನೆ. ಈ ಪುಸ್ತಕದಲ್ಲಿ ಒಂದು ಹೆಸರೂ ಹೋಗುವುದಿಲ್ಲ. ನಿಮ್ಮ ಕಾಗದ ನನಗೆ ಬೇಡ."

ಅವರ ಮುಖ ಬಾಡಿತು. ಒಳ್ಳೆಯ ಅವಕಾಶ ಕಳೆದುಕೊಳ್ಳುತ್ತಿದ್ದೀರಿ ಎಂದರು, ಮನಸ್ಸಿನಿಂದಲೇ ಹೇಳಿದರು. ನನಗೂ ಅದು ಗೊತ್ತಿತ್ತು.  ಆದರೂ ನೋಟ್‌ಬುಕ್ ಎತ್ತಿಕೊಂಡು ಮೆಟ್ಟಿಲಿಳಿದೆ.

ಅಲ್ಲಿಂದ ಹೊರಡುವ ದಿನ ಮಿಸೆಸ್ ಗ್ರಿಗ್ಸ್ ಬಿಳಿ ಕಲ್ಲನ್ನು ನನ್ನ ಕೈಗೆ ಕೊಟ್ಟರು. ಮೆಟ್ಟಿಲ ಮೇಲೆ ಐದು ಚುಕ್ಕಿಯ ರಂಗೋಲಿ ಬಿಟ್ಟೆ. ಬೀದಿಯ ಕೊನೆಯಲ್ಲಿ ತಿರುಗಿ ನೋಡಿದೆ. ಅವರು ಅದನ್ನು ತುಳಿಯದೆ ಪಕ್ಕದಲ್ಲಿ ನಿಂತು ಕೈಬೀಸುತ್ತಿದ್ದರು. ಉಳಿದ ಎಣ್ಣೆ ಬಾಟಲಿ ಅವರ ಅಡುಗೆಮನೆಯ ಒಲೆಯ ಪಕ್ಕದಲ್ಲಿದೆ.

ಮತ್ತೆ ಮೈಸೂರು

"ಎಲ್ಲಮ್ಮ ಕಾಗದ?" ಎಂದರು ಇನ್ಸ್‌ಪೆಕ್ಟರ್ ಸಾಹೇಬರು. ಮಿಸೆಸ್ ಗ್ರಿಗ್ಸರ ಕೈಬರಹ ತೋರಿಸಿದೆ. ಇವರು ಯಾವ ಕಾಲೇಜಿನವರು ಎಂದು ಕೇಳಿದರು. ಮನೆ ಬಾಡಿಗೆಗೆ ಕೊಡುವವರು ಎಂದೆ. ಅವರು ನೋಟ್‌ಬುಕ್ಕನ್ನು ಎರಡು ಬೆರಳಲ್ಲಿ ನನ್ನ ಕಡೆ ತಳ್ಳಿದರು. "ಅಷ್ಟು ದೂರ ಹೋಗಿ ಬರಿಗೈಲಿ ಬಂದ್ರಲ್ಲಮ್ಮ. ಸ್ವಲ್ಪ ಬಗ್ಗಿದ್ದಿದ್ರೆ ಏನು ಹೋಗ್ತಿತ್ತು?" ಮೂವತ್ತು ಹೆಸರು ಹೋಗ್ತಿತ್ತು ಸ್ವಾಮಿ ಎಂದು ಹೇಳಿ ಬಂದೆ.

ದೇವರಾಜ ಮಾರುಕಟ್ಟೆಯ ಹಿಂದಿನ ಒಂದು ಸಣ್ಣ ಪ್ರೆಸ್ಸಿನಲ್ಲಿ ಅಚ್ಚಾಯಿತು. ಅಚ್ಚಿನ ಮೊಳೆ ಜೋಡಿಸುವವರು ಮುನ್ನುಡಿ ಯಾರದಮ್ಮ ಎಂದು ಮೂರು ಸಲ ಕೇಳಿದರು. ಯಾರದೂ ಇಲ್ಲ ಎಂದು ಮೂರು ಸಲ ಹೇಳಿದೆ. ಆ ಪುಸ್ತಕ ಜಿಲ್ಲೆಯ ಯಾವ ಸ್ಕೂಲಿನ ಪಟ್ಟಿಯಲ್ಲೂ ಇಲ್ಲ. ನನ್ನ ಕ್ಲಾಸಿನಲ್ಲಿ ಓದಿಸುತ್ತೇನೆ. ಕೇಳುವವರು ಬಂದು ಕೇಳಲಿ, ಬಾಗಿಲು ತೆರೆದೇ ಇರುತ್ತದೆ.

ಪುಸ್ತಕ ಹಂಚಿದ ದಿನ ಕ್ಲಾಸಿನಲ್ಲಿ ಯಾರೂ ವಾಕ್ಯ ಓದಲಿಲ್ಲ. ಎಲ್ಲರೂ ತಮ್ಮ ತಮ್ಮ ಹೆಸರು ಹುಡುಕಿ, ಅದರ ಮೇಲೆ ಬೆರಳಿಟ್ಟುಕೊಂಡು ಕೂತರು. ಪುಟ್ಟಲಕ್ಷ್ಮಿ ತನ್ನ ಹೆಸರು ನೋಡಿದಳು. ಅದರ ಕೆಳಗಿನ ವಾಕ್ಯವನ್ನೂ ನೋಡಿ ಹುಬ್ಬು ಗಂಟಿಕ್ಕಿಕೊಂಡು ಎದ್ದು ನಿಂತಳು.

"ಮಿಸ್, ನನ್ ವಾಕ್ಯಾನ ಇನ್ಯಾರೋ ನೋಡ್ಕೊಂಡು ಬರ್ದವ್ರೆ."

"ನೋಡ್ಕೊಂಡು ಬರೆದಿಲ್ಲ ಕಣೇ. ಅವರಿಗೂ ಎಣ್ಣೆ ಒತ್ತಿದ್ದಾರೆ."

"ಯಾರು ಈ ಗ್ರಿಗ್ಸಮ್ಮ? ಯಾವ ಕ್ಲಾಸು?"

"ನಿಮಗಿಂತ ಚಿಕ್ಕ ಕ್ಲಾಸು," ಎಂದೆ. "ಈಗಷ್ಟೇ ಸೇರ್ಕೊಂಡಿದ್ದಾರೆ."